ಮಾಡಿಫೈ ಮಾಡಿದ ಥಾರ್ ಮಾರಬೇಕು, ಎಷ್ಟು ಕೇಳಬಹುದು?

ತೋಟದಮನೆ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಮಹೀಂದ್ರ ಥಾರ್ ಜೀಪು, ಸಿಆರ್‌ಡಿಇ ಅನ್ನುವ ಡೀಸೆಲ್ ಮಾಡೆಲ್ಲು, ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ), ಕೆಎ-18 ನಂಬರು, ಫಸ್ಟ್ ಓನರ್, ಮೀಟರಿನಲ್ಲಿ 58 ಸಾವಿರ ಇದೆ. ಮಾರಬೇಕು. ಗಾಡಿ ಮೇಲೆ ಬೇಜಾರಾಗಿ ಅಲ್ಲ. ಅಪ್ಪನಿಗೆ ಮಂಡಿ ಆಪರೇಷನ್ ಆಯಿತು, ಅದರ ಎತ್ತರಕ್ಕೆ ಕಾಲು ಎತ್ತಿಡಲು ಅವರಿಂದ ಆಗುವುದಿಲ್ಲ. ಎರಡು ಗಾಡಿ ಇಟ್ಟುಕೊಳ್ಳುವ ಶಕ್ತಿ ನಮಗಿಲ್ಲ.

ಸಮಸ್ಯೆ ಏನೆಂದರೆ ಇದು ಕಂಪನಿಯಿಂದ ಬಂದ ಹಾಗೆ ಇಲ್ಲ. ಎರಡು ಇಂಚು ಎತ್ತರಿಸಿದ ಸಸ್ಪೆನ್ಷನ್‌ಗೆ 70 ಸಾವಿರ, ಕಂಪನಿಯದಕ್ಕಿಂತ ದೊಡ್ಡ 245/75 ಆರ್16 ಟೈರು ಐದಕ್ಕೆ 75, ಫೈಬರ್ ಹಾರ್ಡ್ ಟಾಪ್ 65, ವಿಂಚ್ (ಸಿಕ್ಕಿಕೊಂಡ ಗಾಡಿ, ಬಿದ್ದ ಮರ ಎಳೆಯುವ ಮೋಟಾರ್ ರಾಟೆ) 45, ಹಿಂದೆ ಮುಂದೆ ಕಬ್ಬಿಣದ ಬಂಪರು 38, ಹಿಂದಿನ ಸೀಟು ಮುಂದೆ ನೋಡುವ ಹಾಗೆ ಮಾಡಿಸಿದ್ದು 24, ಲೈಟು 14, ನೀರಿನಲ್ಲಿ ಹೋಗುವಾಗ ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ 9. ಹೆಂಡತಿ ಕೂಡಿಸಿ ಹೇಳಿದಳು: 3 ಲಕ್ಷ 40 ಸಾವಿರ. ಅಷ್ಟೂ ವರ್ಷ ನಾನೇ ಕೂಡಿಸಿ ನೋಡಿರಲಿಲ್ಲ, ಬೇಕೆಂದೇ.

ಆನ್‌ಲೈನಿನಲ್ಲಿ ಇದೇ ವರ್ಷದ ಸಾದಾ ಥಾರ್‌ಗೆ ಆರೂವರೆಯಿಂದ ಏಳು ಲಕ್ಷ ಕೇಳುತ್ತಿದ್ದಾರೆ. ಹಾಗಾಗಿ ನನ್ನದಕ್ಕೆ ಹತ್ತು ಅಂದುಕೊಂಡಿದ್ದೆ. ನಿನ್ನೆ ಒಬ್ಬ ಬ್ರೋಕರ್ ಬಂದ, ಸುತ್ತ ಒಂದು ರೌಂಡ್ ಹಾಕಿದ, ಬಾನೆಟ್ ಕೂಡ ಎತ್ತಲಿಲ್ಲ, "ಐದೂ ಕಾಲು, ಇದೆಲ್ಲ ಗುಜರಿ ಲೆಕ್ಕ ಸರ್" ಅಂದ. ಕಾಫಿ ಕೊಟ್ಟು ಕಳಿಸಿದೆ. ಹತ್ತಕ್ಕೂ ಐದೂ ಕಾಲಿಗೂ ನಡುವೆ ನ್ಯಾಯವಾದ ಬೆಲೆ ಎಲ್ಲಿದೆ ಅಂತ ಯಾರಾದರೂ ಹೇಳಿ. ಒರಿಜಿನಲ್ ಸ್ಪ್ರಿಂಗು, ಬಂಪರು ಎಲ್ಲ ಗೋಡೌನಿನಲ್ಲಿ ಇವೆ. ಬಂಪರಿನ ಮೇಲೆ ಈಗ ಕೋಳಿ ಕಾವು ಕೂತಿದೆ.

ಗೇರ್_ಎರಡು

ಫೋಟೋ ಹಾಕಿ ಗುರುಗಳೇ. ಕೋಳಿದೂ ಹಾಕಿ.

ಘಾಟಿರಸ್ತೆ, ಹಾಸನ

ಮೊದಲು ಆ 3 ಲಕ್ಷ 40 ಸಾವಿರವನ್ನು ಮರೆತುಬಿಡಿ ಸರ್. ಅದು ನೀವು ಆರೇಳು ವರ್ಷ ಪಟ್ಟ ಖುಷಿಯ ಖರ್ಚು, ಅದನ್ನು ಕೊಳ್ಳುವವನು ಯಾಕೆ ಕಟ್ಟಬೇಕು? ನಾನು ನನ್ನ ಜಿಪ್ಸಿ ಮಾರುವಾಗ ಇದೇ ತಪ್ಪು ಮಾಡಿ, ಐದು ತಿಂಗಳು ಮನೆ ಮುಂದೆ ನಿಲ್ಲಿಸಿಕೊಂಡು, ಬ್ಯಾಟರಿ ಸತ್ತು, ಕೊನೆಗೆ ಮೊದಲು ಬಂದವನು ಕೇಳಿದ್ದಕ್ಕಿಂತ ಕಡಿಮೆಗೆ ಕೊಟ್ಟೆ.

ಲೆಕ್ಕ ಕೆಳಗಿನಿಂದ ಶುರು ಮಾಡಿ. ನಿಮ್ಮ ಗಾಡಿಗೆ ಯಾವುದೂ ಹಾಕಿಲ್ಲ ಅಂದುಕೊಳ್ಳಿ, ಆಗ ಅದರ ಬೆಲೆ ಎಷ್ಟು? ಆನ್‌ಲೈನಿನಲ್ಲಿ ಕಾಣುವುದು ಕೇಳುವ ಬೆಲೆ, ಕೈಗೆ ಬರುವ ಬೆಲೆ ಅಲ್ಲ. ಏಳು ಲಕ್ಷ ಅಂತ ಹಾಕಿದ ಗಾಡಿ ಎರಡು ತಿಂಗಳಿಂದ ಅಲ್ಲೇ ಇದ್ದರೆ ಅದು ಏಳಕ್ಕೆ ಹೋಗುವುದಿಲ್ಲ ಅಂತ ತಾನೇ ಅರ್ಥ. ನಾಲ್ಕೈದು ಜನರಿಗೆ ಫೋನ್ ಮಾಡಿ, ಕೊಳ್ಳುವವನ ಹಾಗೆ ಮಾತಾಡಿ, "ಲಾಸ್ಟ್ ಎಷ್ಟು" ಕೇಳಿ. ಇನ್ನೊಂದು ವಿಷಯ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗ ಹೊಸ ಗಾಡಿಗಳ ಬೆಲೆ ಇಳಿಯಿತು. ಹೊಸದು ಇಳಿದರೆ ಹಳೆಯದೂ ಇಳಿಯಲೇಬೇಕು, ಅದಕ್ಕಿಂತ ಮೊದಲು ಮಾರಿದವರ ಬೆಲೆ ಹಿಡಿದುಕೊಂಡು ಕೂರಬೇಡಿ. ನನ್ನ ಅಂದಾಜಿನಲ್ಲಿ ನಿಮ್ಮ ತಳದ ಬೆಲೆ 6.3 ಲಕ್ಷ.

ಈಗ ಒಂದೊಂದೇ ಕೂಡಿಸೋಣ. ಬಿಚ್ಚಿ ಬೇರೆಯಾಗಿ ಮಾರಲು ಆಗುವ ಸಾಮಾನಿಗೆ ಮಾತ್ರ ಬೆಲೆ ಇದೆ. ವಿಂಚ್ ಓಡುತ್ತಿದ್ದರೆ 20. ಹಾರ್ಡ್ ಟಾಪ್ ಸೋರದಿದ್ದರೆ 30, ಮಲೆನಾಡಿನಲ್ಲಿ ಅದನ್ನು ಎಲ್ಲರೂ ಕೇಳುತ್ತಾರೆ. ಸಸ್ಪೆನ್ಷನ್ ತಿಳಿದವನಿಗೆ 20, ತಿಳಿಯದವನಿಗೆ ಮೈನಸ್. ಬಂಪರು 8. ಲೈಟು, ಸ್ನಾರ್ಕೆಲ್, ಸೀಟಿಗೆ ಸೊನ್ನೆ. ಸ್ನಾರ್ಕೆಲ್‌ಗೆ ಫೆಂಡರ್ (ಚಕ್ರದ ಮೇಲಿನ ತಗಡು) ಕೊರೆದಿರುತ್ತೀರಿ, ತೆಗೆದರೆ ತೂತು ಉಳಿಯುತ್ತದೆ.

ಟೈರಿಗೆ ಒಂದು ಕೆಲಸ ಮಾಡಿ. ಪಕ್ಕದ ಗೋಡೆಯಲ್ಲಿ ಡಾಟ್ ಅಂತ ಇರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಹುಡುಕಿ. ಕೆಲವು ಸಲ ಒಳಗಡೆ ಮುಖಕ್ಕೆ ಇರುತ್ತದೆ, ಟಾರ್ಚ್ ಹಿಡಿದು ಮಲಗಿ ನೋಡಬೇಕು. ಅದೇನು ಬರೆದಿದೆ ಹೇಳಿ.

ತೋಟದಮನೆ, ಮೂಡಿಗೆರೆ

ಮಲಗಿ ನೋಡಿದೆ. 2219.

ಘಾಟಿರಸ್ತೆ, ಹಾಸನ

2019ರ 22ನೇ ವಾರದಲ್ಲಿ ತಯಾರಾದದ್ದು. ಅಂದರೆ ಟೈರಿನ ಮೇಲಿನ ಗೀರು ಎಷ್ಟೇ ಆಳ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿದೆ, ಒದ್ದೆ ಟಾರಿನಲ್ಲಿ ಜಾರುತ್ತದೆ. ಐದಕ್ಕೂ ಸೇರಿ 10 ಸಾವಿರ ಹಾಕಿಕೊಳ್ಳಿ. ಒಟ್ಟು 88 ಸಾವಿರ ಆಯಿತು. 7.25 ಕೇಳಿ, 6.8ಕ್ಕೆ ಬಂದರೆ ಕೊಟ್ಟುಬಿಡಿ.

ಪಾನಾ_ಸ್ಕ್ರೂಡ್ರೈವರ್

ನಾನು ಗ್ಯಾರೇಜ್ ನಡೆಸುವವನು. ಮೇಲಿನ ಸರ್ ಲೆಕ್ಕ ಚೆನ್ನಾಗಿದೆ, ಆದರೆ ಗಾಡಿ ಕೆಳಗೆ ನೋಡದೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಸಿಆರ್‌ಡಿಇ ಥಾರ್‌ನಲ್ಲಿ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಹಿಂದೆ ಲೀಫ್ ಪ್ಲೇಟು. ಹಿಂದೆ ಎತ್ತರಿಸುವುದು ಸುಲಭ. ಮುಂದೆ ಎಷ್ಟೋ ಕಡೆ ಏನು ಮಾಡುತ್ತಾರೆ ಅಂದರೆ ಬಾರಿನ ಬೋಲ್ಟು ಸುಮ್ನೆ ತಿರುಗಿಸಿ ಮೂತಿ ಎತ್ತಿಬಿಡುತ್ತಾರೆ, ಬಿಲ್ಲಿನಲ್ಲಿ ಮಾತ್ರ "ಲಿಫ್ಟ್ ಕಿಟ್" ಅಂತ ಇರುತ್ತದೆ. ಹಾಗೆ ಮಾಡಿದಾಗ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಓರೆಯಾಗಿ ತಿರುಗುತ್ತದೆ, ಅದರ ಕೀಲು ಮುಚ್ಚುವ ರಬ್ಬರ್ ಬೂಟ್ ಮಡಿಕೆ ಮಡಿಕೆಗೆ ಉಜ್ಜಿ ಹರಿಯುತ್ತದೆ, ಗ್ರೀಸ್ ಆಚೆ ಬಂದು ಮಣ್ಣು ನೀರು ಒಳಗೆ ಹೋಗುತ್ತದೆ. ಮುಂದಿನ ಎರಡು ಚಕ್ರದ ಒಳಮುಖಕ್ಕೆ ಕೈ ಹಾಕಿ ಒರೆಸಿ. ಬೆರಳಿಗೆ ಕಪ್ಪು ಗ್ರೀಸ್ ಅಂಟಿದರೆ ಬೂಟ್ ಹೋಗಿದೆ. ತಿಳಿದ ಗಿರಾಕಿ ಮೊದಲು ನೋಡುವುದೇ ಅದನ್ನು. ಬಾಲ್ ಜಾಯಿಂಟ್ ಆಟವನ್ನೂ ನೋಡಿಸಿಕೊಳ್ಳಿ.

ಫೋರ್ ವೀಲ್ ತೋರಿಸುವಾಗ ಟಾರ್ ರಸ್ತೆಯಲ್ಲಿ ಹಾಕಿ ವೃತ್ತ ಹೊಡೆಸಬೇಡಿ ದಯವಿಟ್ಟು. ಇದರಲ್ಲಿ ಹಿಂದಿನ ಮುಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ, ಗಟ್ಟಿ ನೆಲದಲ್ಲಿ ತಿರುಗಿಸಿದರೆ ಗಾಡಿ ಜಗ್ಗಿ ಜಗ್ಗಿ ನಿಲ್ಲುತ್ತದೆ, ಗಿರಾಕಿ ಅದನ್ನೇ ರಿಪೇರಿ ಅಂದುಕೊಳ್ಳುತ್ತಾನೆ. ಮಣ್ಣಿನ ರಸ್ತೆಯಲ್ಲಿ ಲೋ ಗೇರ್ ಹಾಕಿ ತೋರಿಸಿ.

ಇನ್ನೊಂದು. ಕಂಪನಿ ಟೈರು 235/70 ಆರ್16, ಎತ್ತರ ಸುಮಾರು 735 ಮಿಲಿಮೀಟರ್. ನಿಮ್ಮದು 774. ದೊಡ್ಡ ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಿಲ್ಲ. ನೂರಕ್ಕೆ ಐದು ಕಡಿಮೆ ತೋರಿಸುತ್ತದೆ. ಟೈರು ಯಾವಾಗ ಹಾಕಿದ್ದು?

ತೋಟದಮನೆ, ಮೂಡಿಗೆರೆ

20 ಸಾವಿರ ಓಡಿದಾಗ.

ಪಾನಾ_ಸ್ಕ್ರೂಡ್ರೈವರ್

ಹಾಗಾದರೆ ಉಳಿದ 38 ಸಾವಿರಕ್ಕೆ 2 ಸಾವಿರ ಸೇರಿಸಿ. ನಿಜವಾದ ಓಟ 60 ಸಾವಿರ. ನೀವೇ ಮೊದಲು ಹೇಳಿಬಿಡಿ, ಇದನ್ನು ತಾನಾಗಿ ಹೇಳುವ ಮನುಷ್ಯನ ಉಳಿದ ಮಾತನ್ನೂ ಗಿರಾಕಿ ನಂಬುತ್ತಾನೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ, ಬೆಂಗಳೂರು

ಕೊಳ್ಳುವವನ ಕಡೆಯಿಂದ ನಾಲ್ಕು ಮಾತು. ಹೋದ ವರ್ಷ ಇಂಥದ್ದೇ ಒಂದು ನೋಡಲು ಹೋಗಿ ಬಿಟ್ಟು ಬಂದೆ. ಕಾರಣ ಭಯ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಮಾತು ಅದು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು, ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮುಂದಿನ ಕಬ್ಬಿಣದ ಗಾರ್ಡಿನ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಮೂಡಿಗೆರೆಯಲ್ಲಿ ಯಾರೂ ಕೇಳದಿರಬಹುದು, ಇಲ್ಲಿ ಸಿಗ್ನಲ್ಲಿನಲ್ಲಿ ಕೈ ತೋರಿಸುತ್ತಾರೆ. ಆರ್‌ಸಿಯಲ್ಲಿ ಬರೆದಿರುವ ಸೀಟಿಗೂ ಒಳಗೆ ಇರುವ ಸೀಟಿಗೂ ತಾಳೆ ಆಗದಿದ್ದರೆ ಇನ್ನೊಂದು ತಲೆನೋವು.

ಇನ್ಶೂರೆನ್ಸಿನಲ್ಲಿ ಈ ಸಾಮಾನು ತೋರಿಸಿದ್ದೀರಾ? ಬಹುಶಃ ಇಲ್ಲ. ಲೋನಿಗೆ ಹೋದಾಗ ನನ್ನ ಬ್ಯಾಂಕಿನವರು ಮಾಡೆಲ್ಲು, ವರ್ಷ, ಕಿಲೋಮೀಟರ್ ಮಾತ್ರ ನೋಡಿದರು, ವಿಂಚ್ ಅಂದರೆ ಏನು ಅಂತ ಕೇಳಿದರು. ಅಂದರೆ ಸಾಮಾನಿನ ಬೆಲೆ ಪೂರ್ತಿ ನನ್ನ ಜೇಬಿನಿಂದಲೇ ಹೋಗಬೇಕು. ಆದ್ದರಿಂದ ಸಿಟಿ ಗಿರಾಕಿ ಬೇಕಿದ್ದರೆ ಎಲ್ಲ ಬಿಚ್ಚಿ, ಒರಿಜಿನಲ್ ಹಾಕಿ, ಸಾದಾ ಗಾಡಿ ಅಂತಲೇ ಮಾರಿ. ಸಾಮಾನು ಬೇರೆಯಾಗಿ ಮಾರಿ.

ಬಿಸಿಲೆ_ಮಳೆ, ಸಕಲೇಶಪುರ

ಅಯ್ಯೋ, ಎಲ್ಲ ಬಿಚ್ಚಬೇಡಿ ಮಾರಾಯ್ರೆ. ಸಸ್ಪೆನ್ಷನ್ ಬಿಚ್ಚಿ ಹಳೆಯದು ಕಟ್ಟಲು ಕೂಲಿ ಎಷ್ಟು, ಬಿಚ್ಚಿದ ಕಿಟ್ಟು ಕೊಳ್ಳುವವನು ಯಾರು? ಟೈರು ಚಿಕ್ಕದು ಹಾಕಬೇಕಾದರೆ ಹೊಸದೇ ತರಬೇಕು. ಲೈಟಿನ ತೂತು, ಫೆಂಡರಿನ ತೂತು ಎಲ್ಲ ಬಾಯಿ ಬಿಟ್ಟುಕೊಂಡಿರುತ್ತವೆ. ನಾನು ಕೊಂಡ ಗಾಡಿಯಲ್ಲಿ ಹಿಂದಿನವನು ಲೈಟ್ ಬಾರ್ ತೆಗೆದು ತೂತಿಗೆ ಎಂ-ಸೀಲ್ ಮೆತ್ತಿ ಬಣ್ಣ ಬಳಿದಿದ್ದ. ಆಷಾಢದ ಮಳೆಗೆ ಅದು ಬಿರಿದು, ಗಾಜಿನ ಫ್ರೇಮಿನಿಂದ ಸರಿಯಾಗಿ ನನ್ನ ಎಡಗಾಲ ಮಂಡಿಗೆ ತೊಟ್ಟಿಕ್ಕುತ್ತಿತ್ತು. ಕ್ಲಚ್ ಒತ್ತಿದಾಗ ಮಾತ್ರ ಬೀಳುತ್ತಿರಲಿಲ್ಲ, ಯಾಕೆಂದರೆ ಆಗ ಮಂಡಿ ಅಲ್ಲಿರುತ್ತಿರಲಿಲ್ಲ.

ಯಾರಿಗೆ ಮಾರುತ್ತೀರಿ ಅನ್ನುವುದರ ಮೇಲೆ ಬೆಲೆ. ಜುಲೈನಲ್ಲಿ ತೋಟದ ರಸ್ತೆಗೆ ಮರ ಬಿದ್ದಾಗ ವಿಂಚ್ ಇದ್ದವನಿಗೆ ಅದರ ಬೆಲೆ ಗೊತ್ತು. ನಾನು ಸಾದಾ ಗಾಡಿಗಿಂತ 60 ಸಾವಿರ ಜಾಸ್ತಿ ಕೊಟ್ಟೇ ತಗೊಂಡೆ, ಪಶ್ಚಾತ್ತಾಪ ಇಲ್ಲ. ತೋಟದವರ ವಾಟ್ಸಾಪ್ ಗುಂಪುಗಳಲ್ಲಿ ಹಾಕಿ, ಫೆಬ್ರವರಿ ಮಾರ್ಚಿನಲ್ಲಿ ಹಾಕಿ, ಕಾಫಿ ಮಾರಿ ಕೈಯಲ್ಲಿ ದುಡ್ಡು ಇರುವ ಕಾಲ. ಮಳೆಗಾಲ ಮುಗಿದ ಮೇಲೆ ಯಾರು ಜೀಪು ಕೇಳುತ್ತಾರೆ?

ಆದರೆ ತುಕ್ಕು ಮಾತ್ರ ನೋಡಿಕೊಳ್ಳಿ. ಮ್ಯಾಟ್ ಎತ್ತಿ ಫ್ಲೋರ್ ನೋಡಿ. ನಮ್ಮ ಕಡೆಯ ಗಿರಾಕಿಗಳು ಜೇಬಿನಲ್ಲಿ ಆಯಸ್ಕಾಂತ ಇಟ್ಟುಕೊಂಡು ಬರುತ್ತಾರೆ, ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿರುವ ಕಡೆ ಅದು ಅಂಟುವುದಿಲ್ಲ.

ಸಿಲ್ಕ್‌ಬೋರ್ಡ್_ಸಂತ್ರಸ್ತ, ಬೆಂಗಳೂರು

ಒಪ್ಪಿದೆ, ನಾನು ಎಂ-ಸೀಲ್ ಯೋಚಿಸಿರಲಿಲ್ಲ. ಆದರೂ ಒರಿಜಿನಲ್ ಬಂಪರು ಗಾಡಿ ಜೊತೆ ಕೊಡುತ್ತೇನೆ ಅಂತ ಹಾಕಿ. ಕೊಳ್ಳುವವನಿಗೆ ಅದೇ ಧೈರ್ಯ.

ಮತ್ತೆ ಯಾರಿಗೇ ಮಾರಿದರೂ ಹೆಸರು ಬದಲಾಗುವವರೆಗೆ ಬಿಡಬೇಡಿ. ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಖಾಲಿ ಬಿಟ್ಟು ಕೊಟ್ಟುಬಿಡುತ್ತಾರೆ ಜನ. ಅಪಘಾತ ಆದರೆ ಪರಿಹಾರ ಕೊಡಬೇಕಾದವನು ಆರ್‌ಸಿಯಲ್ಲಿ ಹೆಸರಿರುವವನೇ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬ್ರೋಕರಿಗೆ ಕೊಟ್ಟರೆ ಈ ಅಪಾಯ ಜಾಸ್ತಿ, ಅವನು ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಮುಂದಿನವನಿಗೆ ದಾಟಿಸುತ್ತಾನೆ.

ತೋಟದಮನೆ, ಮೂಡಿಗೆರೆ

ಎಲ್ಲರಿಗೂ ಧನ್ಯವಾದ. ಚಕ್ರದ ಒಳಗೆ ಕೈ ಹಾಕಿದೆ. ಬಲಗಡೆ ಒಣ ಮಣ್ಣು. ಎಡಗಡೆ ಬೆರಳು ಕಪ್ಪಾಗಿ ಬಂತು. 70 ಸಾವಿರದ ಕಿಟ್ಟು ಹಾಕಿದವನ ಹತ್ತಿರ ಹೋಗಿ ಕೇಳಿದರೆ "ಮಣ್ಣಲ್ಲಿ ಓಡಿಸಿದರೆ ಹಾಗೇ" ಅಂದ. ಮಣ್ಣಲ್ಲಿ ಓಡಿಸಲೆಂದೇ ತಾನೇ ಹಾಕಿಸಿದ್ದು! ಬೇರೆ ಕಡೆ ಬೂಟ್ ಹಾಕಿಸಿದೆ, ಹಳೆಯ ಬೂಟ್ ತೆಗೆದು ಕವರಿನಲ್ಲಿ ಇಟ್ಟುಕೊಂಡಿದ್ದೇನೆ, ಬಿಲ್ ಸಮೇತ ತೋರಿಸಲು.

ವಿಂಚ್ ವರ್ಷದಿಂದ ಮುಟ್ಟಿರಲಿಲ್ಲ. ಬಟನ್ ಒತ್ತಿದರೆ ಟಕ್ ಅಂತ ಸದ್ದು ಮಾತ್ರ. ಮೋಟಾರ್ ಬಿಚ್ಚಿ ತುಕ್ಕು ಕೆರೆದು ಎಣ್ಣೆ ಹಾಕಿದ ಮೇಲೆ ತಿರುಗಿತು. ಪಕ್ಕದ ತೋಟದವರು ನೋಡುತ್ತಾ ನಿಂತಿದ್ದರು, ಅವರೇ 22 ಸಾವಿರಕ್ಕೆ ಕೇಳಿದರು, ಕೊಟ್ಟೆ. ಉಳಿದದ್ದು ಹಾಗೇ ಇಟ್ಟು 6.95 ಅಂತ ಹಾಕಿದ್ದೇನೆ. ಓಟ 60 ಸಾವಿರ ಅಂತಲೇ ಬರೆದೆ, ಕೆಳಗೆ ಕಾರಣ ಬರೆದೆ. ಮೊದಲ ಫೋನಿನವನು "ಮೀಟರ್ ತಿರುಗಿಸಿದ್ದೀರಾ" ಅಂತ ಕೇಳಿದ. ಜಾಸ್ತಿ ತೋರಿಸಲು ಯಾರಪ್ಪ ತಿರುಗಿಸುತ್ತಾರೆ?

ತೋಟದಮನೆ, ಮೂಡಿಗೆರೆ (ಮೂರು ವಾರದ ನಂತರ)

ಹೋಯಿತು. ಕಳಸದ ಕಡೆಯ ಹುಡುಗ, ತನ್ನ ಮೆಕ್ಯಾನಿಕ್ ಕರೆದುಕೊಂಡು ಬಂದಿದ್ದ. ಆಯಸ್ಕಾಂತ ತಂದಿದ್ದ, ನಿಜ. ಮೆಕ್ಯಾನಿಕ್ ಸೀದಾ ಗಾಡಿ ಕೆಳಗೆ ಹೋಗಿ ಎಡ ಚಕ್ರದ ಹೊಸ ಬೂಟ್ ನೋಡಿ "ಯಾಕೆ ಒಂದೇ ಹೊಸದು" ಅಂದ, ಹಳೆಯದು ತೋರಿಸಿದೆ. ಟೈರಿನ ತಾರೀಕು ಓದಿ 15 ಸಾವಿರ ಇಳಿಸಿದ, ಸೀಟಿಗೆ ಇನ್ನೊಂದು 15 ಇಳಿಸಿದ, ಅದು ನ್ಯಾಯವೇ. 6.65ಕ್ಕೆ ಆಯಿತು. ವಿಂಚ್ ಸೇರಿದರೆ 6.87. ಘಾಟಿರಸ್ತೆ ಸರ್, ನಿಮ್ಮ ಲೆಕ್ಕಕ್ಕೆ ಸಮೀಪವೇ ಬಂತು.

ಹೆಸರು ಬದಲಾಗುವವರೆಗೆ 50 ಸಾವಿರ ಬಾಕಿ ಇಟ್ಟುಕೊಳ್ಳುತ್ತೇನೆ ಅಂದ, ನಾನು ಹಾಗಾದರೆ ಗಾಡಿಯೂ ಅಲ್ಲಿವರೆಗೆ ಶೆಡ್ಡಿನಲ್ಲೇ ಇರುತ್ತದೆ ಅಂದೆ. ಇಬ್ಬರೂ ಒಪ್ಪಿದೆವು. ಒರಿಜಿನಲ್ ಬಂಪರು ಬೇಕೇ ಬೇಕು ಅಂದ, ತಂಗಿ ಮನೆ ಮಂಗಳೂರಿನಲ್ಲಂತೆ, ಅಲ್ಲಿಗೆ ಹೋಗುವಾಗ ಹಾಕಿಕೊಳ್ಳಬೇಕಂತೆ. ಮರಿಗಳು ಹೊರಬಂದು ನಾಲ್ಕು ದಿನ ಆಗಿತ್ತು. ಬುಟ್ಟಿಗೆ ಸಾಗಿಸಿ, ಬಂಪರು ತೊಳೆದು ಕೊಟ್ಟೆ.

ಗೇರ್_ಎರಡು

ಕೋಳಿ ಫೋಟೋ ಕೊನೆಗೂ ಬರಲೇ ಇಲ್ಲ.