ಅಪ್‌ಡೇಟ್: ಅಪ್ಪನ ಕೀಮೋ, ರಕ್ತದ ಜೀನ್ ಪರೀಕ್ಷೆ

ವಿರಾಜಪೇಟೆಯಿಂದ ಕೇಳಿದ್ದೆನಲ್ಲ, ಅಪ್ಪನ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಡೋಸಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧ ನಾಟುತ್ತೋ ಇಲ್ಲವೋ ಅಂತ ರಕ್ತದಲ್ಲಿ ಮೊದಲೇ ಗೊತ್ತಾಗುತ್ತಾ ಅಂತ?

ಕೆಲವರು ಹೇಳಿದ ಎಆರ್-ವಿ7 (ಕ್ಯಾನ್ಸರ್ ಕೋಶದಲ್ಲಿ ಗಂಡು ಹಾರ್ಮೋನ್ ಗ್ರಾಹಕದ ಬದಲಾದ ರೂಪ ಇದೆಯಾ ಅಂತ ನೋಡುವ ರಕ್ತ ಪರೀಕ್ಷೆ) ನಮಗೆ ಉಪಯೋಗವಾಗಲಿಲ್ಲ. ಅದು ಅಬಿರಾಟೆರೋನ್, ಎಂಜಾಲುಟಮೈಡ್ ಅನ್ನೋ ಹಾರ್ಮೋನ್ ತಡೆಯುವ ಮಾತ್ರೆಗಳಿಗೆ ಕ್ಯಾನ್ಸರ್ ಜಗ್ಗದಿರುವುದನ್ನು ಸೂಚಿಸುತ್ತದೆಯಂತೆ, ಕೀಮೋಗಲ್ಲ. ಕೀಮೋ ವಿಷಯದಲ್ಲಿ ನಂಬಿ ಬಳಸುವಂಥ ಜೀನ್ ಪರೀಕ್ಷೆ ಇನ್ನೂ ಇಲ್ಲ ಅಂತ ಮೈಸೂರಿನ ಡಾಕ್ಟರ್ ನೇರವಾಗಿ ಹೇಳಿದರು. ಸುಮ್ನೆ ದುಡ್ಡು ಸುರಿಯೋದು ತಪ್ಪಿತು. ಕೀಮೋ ಶುರುವಾಗಿದೆ, 3 ವಾರಕ್ಕೊಮ್ಮೆ. ಪಿಎಸ್‌ಎ (ಪ್ರಾಸ್ಟೇಟ್‌ನ ರಕ್ತ ಪರೀಕ್ಷೆ), ಸ್ಕ್ಯಾನ್ ನೋಡಿಕೊಂಡು ಮುಂದಿನ ಮಾತು.

ಕೈಹಿಡಿದದ್ದು ಬಿಆರ್‌ಸಿಎ ಜೀನ್ ಪರೀಕ್ಷೆ ಮಾಡಿಸಿ ಅಂದವರ ಸಲಹೆ. ಬಿಆರ್‌ಸಿಎ2ರಲ್ಲಿ ದೋಷ ಸಿಕ್ಕಿತು, ಹಾಗಾಗಿ ಈ ದೋಷ ಇದ್ದವರಿಗೆ ಕೊಡುವ ಓಲಾಪರಿಬ್ ಮಾತ್ರೆಯ ದಾರಿಯೂ ಇದೆ. ಆಶ್ಚರ್ಯ ಏನಂದ್ರೆ, ಇದು ಹುಟ್ಟಿನಿಂದ ಬಂದದ್ದು. ಮಕ್ಕಳಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ, ಹೆಣ್ಣುಮಕ್ಕಳಿಗೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಜಾಸ್ತಿ. ಕಾಫಿ ಕುಯ್ಲು ಮುಗಿದ ಮೇಲೆ ನಾನೂ ತಂಗಿಯೂ ರಕ್ತ ಕೊಡುತ್ತೇವೆ.