ಅಪ್‌ಡೇಟ್: ಮಸ್ಕತ್‌ನ ಕಡಲಿನಿಂದ ಊರಿನ ಕಡಲಿಗೆ

ಮಸ್ಕತ್‌ನ ಕುರುಮ್ ಕಡಲತೀರದ ಬಳಿ ವಾಸಿಸುವ ನಾವು ಸೆಪ್ಟೆಂಬರ್ ಮೊದಲ ವಾರ ಉಡುಪಿಗೆ ಬಂದಾಗ, ಕುರುಮ್‌ನ ಶಾಂತ ನೀರಿಗೆ ಒಗ್ಗಿಕೊಂಡ ಮಕ್ಕಳನ್ನು ವಾರಾಂತ್ಯದಲ್ಲಿ ಎಲ್ಲಿಗೆ ಕರೆದೊಯ್ಯಬಹುದೆಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಹೆಚ್ಚಿನವರು ಹೇಳಿದ ಸೇಂಟ್ ಮೇರೀಸ್ ದ್ವೀಪ ಈ ಬಾರಿ ಕೈಗೂಡಲಿಲ್ಲ. ಮಳೆಗಾಲಕ್ಕೆಂದು ನಿಲ್ಲಿಸಿದ್ದ ಮಲ್ಪೆಯ ಪ್ರವಾಸಿ ದೋಣಿಗಳು ಇನ್ನೂ ಹೊರಟಿರಲಿಲ್ಲ. ಮಲ್ಪೆ ಕಿನಾರೆಯಲ್ಲಿ ನೀರಿಗಿಳಿಯಲು ಜೀವರಕ್ಷಕರು ಬಿಡಲಿಲ್ಲ, ಆ ಅಲೆಗಳನ್ನು ಕಂಡ ಮೇಲೆ ನನಗೂ ಧೈರ್ಯ ಬರಲಿಲ್ಲ.

ಕೊನೆಗೆ ಒದಗಿದ್ದು ಮರವಂತೆಯ ಸಲಹೆ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಸಮುದ್ರ ಭೋರ್ಗರೆಯುತ್ತಿದ್ದರೆ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಸದ್ದಿಲ್ಲದೆ ಹರಿಯುವುದನ್ನು ಮಕ್ಕಳು ನೀರಿಗಿಳಿಯುವ ಹಟವನ್ನೇ ಮರೆತು ನೋಡುತ್ತ ನಿಂತರು. ಮರುದಿನ ಕಾಪುವಿನಲ್ಲಿ 1901ರ ದೀಪಸ್ತಂಭವನ್ನು ಕಂಡೆವು. (ಶುಕ್ರವಾರ, ಶನಿವಾರ ರಜೆಯ ರೂಢಿಯಿರುವ ಮಕ್ಕಳಿಗೆ ಭಾನುವಾರದ ತಿರುಗಾಟವೇ ವಿಚಿತ್ರವೆನಿಸಿತು.)

ನನಗೆ ಹೊಸದಾಗಿ ತಿಳಿದದ್ದು ಇಷ್ಟು: ನಮ್ಮೂರಿಗೆ ಮಳೆ ತರುವ ನೈಋತ್ಯ ಮಾರುತವೇ ಒಮಾನಿನ ಸಲಾಲಾದಲ್ಲಿ ಖರೀಫ್ ಎಂಬ ಹೆಸರಿನಿಂದ ತುಂತುರು ಸುರಿಸಿ ಗುಡ್ಡಗಳನ್ನು ಹಸಿರಾಗಿಸುತ್ತದೆಯಂತೆ. ದ್ವೀಪವನ್ನು ಡಿಸೆಂಬರ್ ರಜೆಗೆ ಇಟ್ಟುಕೊಂಡಿದ್ದೇವೆ.