‘ಬರಲಿದೆ’ ಅನ್ನೋಣವೋ, ‘ಬಂದೀತು’ ಅನ್ನೋಣವೋ? ಗೇಮ್ ಕನ್ಸೋಲ್‌ಗಳ ನಾಳೆಗೆ ಪದ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಮಕ್ಕಳ ಪತ್ರಿಕೆಯೊಂದಕ್ಕೆ ಲೇಖನ ಬರೆಯುತ್ತಿದ್ದೇನೆ. ಟಿವಿಗೆ ಹಚ್ಚಿ ಆಡುವ ಗೇಮ್ ಕನ್ಸೋಲ್‌ಗಳು, ಅವುಗಳ ಕಂಟ್ರೋಲರ್‌ಗಳು ಇನ್ನು ಹತ್ತು ವರ್ಷಕ್ಕೆ ಹೇಗಿರಬಹುದು ಅನ್ನೋದು ವಿಷಯ. ಮಾಹಿತಿಗೆ ಬರವಿಲ್ಲ. ಪದಗಳಿಗೆ ಇದೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಕ್ರಿಯಾಪದದ ತಕರಾರು, ಇನ್ನೊಂದು ಕೈಬೆರಳಿನದು.

ಮೊದಲು ಕ್ರಿಯಾಪದ. ನನ್ನ ಕರಡು ಶುರುವಾಗಿದ್ದು ಹೀಗೆ: ‘ಮುಂದಿನ ಕನ್ಸೋಲ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ, ಆಟಗಳೆಲ್ಲ ನೆಟ್‌ನಿಂದಲೇ ಬರಲಿವೆ.’ ಬೆಳಿಗ್ಗೆ ಎದ್ದು ಓದಿದರೆ ಮಂತ್ರಿಗಳು ಊರಿಗೆ ಬರುವ ಸುದ್ದಿ ಓದಿದ ಹಾಗಾಯಿತು. ‘ಬರಲಿದೆ’ ಅನ್ನೋದು ತಾರೀಕು ಗೊತ್ತಾದ ಮೇಲೆ ಹೇಳುವ ಮಾತು, ಅಲ್ವಾ? ನಿಂಟೆಂಡೋ ಕಂಪನಿಯ ಸ್ವಿಚ್ 2 ಕನ್ಸೋಲ್ ಜೂನ್ 5ಕ್ಕೆ ಬಿಡುಗಡೆಯಾಗಲಿದೆ ಅಂತ 2025ರ ಏಪ್ರಿಲ್‌ನಲ್ಲಿ ಬರೆದವರು ಸರಿಯಾಗಿಯೇ ಬರೆದರು. ನಿಂಟೆಂಡೋದವರು ತಾರೀಕು ಹೇಳಿ ಆಗಿತ್ತು. ನಾನು ಬರೆಯುತ್ತಿರುವುದಕ್ಕೆ ತಾರೀಕೂ ಇಲ್ಲ, ತಿಥಿಯೂ ಇಲ್ಲ.

ಅದೂ ಅಲ್ಲದೆ, ಈ ವಿಷಯದಲ್ಲಿ ‘ಬರಲಿದೆ’ ಅಂದವರು ಸಾಕಷ್ಟು ಸಲ ಮುಖಭಂಗ ಅನುಭವಿಸಿದ್ದಾರೆ. 1989ರಲ್ಲಿ ಮ್ಯಾಟೆಲ್ ಕಂಪನಿ ನಿಂಟೆಂಡೋ ಯಂತ್ರಕ್ಕೆ ಪವರ್ ಗ್ಲೋವ್ ಅಂತ ಒಂದು ಕೈಗವಸು ತಂದಿತು. ಕೈ ಬೀಸಿದರೆ ಪರದೆ ಮೇಲಿನವನೂ ಬೀಸಬೇಕು. ಅವನು ಸರಿಯಾಗಿ ಬೀಸಲಿಲ್ಲ, ಗವಸು ಮೂಲೆ ಸೇರಿತು. 1995ರಲ್ಲಿ ವರ್ಚುವಲ್ ಬಾಯ್ ಬಂತು. ಮೇಜಿನ ಮೇಲಿಟ್ಟ ಕನ್ನಡಕಕ್ಕೆ ಮುಖ ಒತ್ತಿ ನೋಡಬೇಕು, ಒಳಗೆ ಕಾಣೋದು ಕೆಂಪು ಮತ್ತು ಕಪ್ಪು ಮಾತ್ರ. ಅದೂ ಬೇಗನೆ ಅಂಗಡಿಗಳಿಂದ ಮಾಯವಾಯಿತು. ಕಂಟ್ರೋಲರೇ ಬೇಡ, ಕ್ಯಾಮೆರಾದ ಮುಂದೆ ನಿಂತು ಕುಣಿದರೆ ಸಾಕು ಅಂತ 2010ರಲ್ಲಿ ಬಂದ ಕಿನೆಕ್ಟ್ ಮೊದಲ 60 ದಿನದಲ್ಲೇ 80 ಲಕ್ಷ ಮಾರಾಟವಾಯಿತು. 2017ರಲ್ಲಿ ಅದನ್ನು ತಯಾರಿಸೋದನ್ನೇ ನಿಲ್ಲಿಸಿದರು. ಪೆಟ್ಟಿಗೆಯೇ ಬೇಡ, ಎಲ್ಲ ದೂರದ ಕಂಪ್ಯೂಟರಿನಲ್ಲೇ ಓಡುತ್ತೆ ಅಂತ ಗೂಗಲ್ 2019ರ ನವೆಂಬರಿನಲ್ಲಿ ಸ್ಟೇಡಿಯಾ ಶುರುಮಾಡಿತು. 2023ರ ಜನವರಿ 18ಕ್ಕೆ ಬಾಗಿಲು ಹಾಕಿತು.

ತಮಾಷೆ ಏನಂದರೆ, ಇವರಲ್ಲಿ ಯಾರ ಊಹೆಯೂ ಪೂರ್ತಿ ತಪ್ಪಲ್ಲ. ಕೈ ಬೀಸಿ ಆಡುವ ಆಟ ಬಂದೇ ಬಂತು. 2006ರ ವೀ ಕನ್ಸೋಲ್ 10 ಕೋಟಿಗೂ ಜಾಸ್ತಿ ಮಾರಾಟವಾಯಿತು. ‘ಬರುತ್ತದೆ’ ಅಂದಿದ್ದರೆ ಗೆದ್ದಿರುತ್ತಿದ್ದರು, ‘ಬರಲಿದೆ’ ಅಂದು ಕೆಟ್ಟರು.

ಹಾಗಾಗಿ ಶಾಲೆಯಲ್ಲಿ ಕಲಿತ ಸಂಭಾವನಾರ್ಥಕ ರೂಪ ನೆನಪಾಯಿತು. ಬಂದಾನು, ಬಂದಾಳು, ಬಂದೀತು. ಬರಬಹುದು, ಬರದೆಯೂ ಇರಬಹುದು, ನನಗೇನೋ ಬರುತ್ತೆ ಅನಿಸುತ್ತದೆ: ಇಷ್ಟನ್ನೂ ಒಂದೇ ಪದದಲ್ಲಿ ಹೇಳುವ ರೂಪ. ‘ಮುಂದಿನ ಕನ್ಸೋಲ್‌ಗಳಲ್ಲಿ ಡಿಸ್ಕಿನ ಜಾಗ ಹೋದೀತು’ ಅಂತ ಬರೆದೆ. ನನಗಂತೂ ಬಹಳ ಹಿಡಿಸಿತು. ಸಂಪಾದಕರಿಗೆ ಹಿಡಿಸಲಿಲ್ಲ. ‘ಇದು ಹೆದರಿಸಿದ ಹಾಗಿದೆ’ ಅಂದರು.

ಅವರ ಮಾತಿನಲ್ಲೂ ಹುರುಳಿದೆ. ಮನೆಯಲ್ಲಿ ಈ ರೂಪವನ್ನು ನಾವು ಬಳಸುವುದು ಯಾವಾಗ? ‘ಹುಷಾರು, ಬಿದ್ದೀಯಾ!’ ‘ಮಳೆ ಬಂದೀತು, ಕೊಡೆ ತಗೋ.’ ‘ಅವನೇನು ಕೊಟ್ಟಾನು?’ ಎಚ್ಚರಿಕೆ, ಇಲ್ಲದಿದ್ದರೆ ಕೊಂಕು. ಒಳ್ಳೆಯದಾದೀತು ಅನ್ನೋದಕ್ಕೂ ಬಳಸುತ್ತೇವೆ ನಿಜ, ಆದರೆ ಅಪರೂಪ. ಇನ್ನೊಂದು ತೊಡಕಿದೆ. ಧಾರವಾಡದ ಕಡೆ ‘ಬಂದಾನ’ ಅಂದರೆ ಬಂದಿದ್ದಾನೆ ಅಂತಲೇ ಅರ್ಥ. ಕೊನೆಯ ಒಂದು ಉಕಾರದಲ್ಲಿ ನಿನ್ನೆಯದ್ದು ನಾಳೆಯದ್ದಾಗುತ್ತದೆ. ಮಕ್ಕಳು ಓದುವಾಗ ಈ ಉಕಾರ ಉಳಿಯುತ್ತದಾ?

ಅದೇ ಕಡೆಯವರ, ಕರಾವಳಿಯವರ ಬಾಯಲ್ಲಿರುವ ‘ಬರಲಿಕ್ಕಿಲ್ಲ’ ಮಾತ್ರ ನನಗೆ ವರದ ಹಾಗೆ ಸಿಕ್ಕಿದೆ. 2024ರ ನವೆಂಬರಿನಲ್ಲಿ ಬಂದ ಸೋನಿಯವರ ಪಿಎಸ್5 ಪ್ರೊ (ಪ್ಲೇಸ್ಟೇಷನ್ 5 ಪ್ರೊ) ಕನ್ಸೋಲಿನಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಬೇಕಾದವರು ಬೇರೆ ದುಡ್ಡು ಕೊಟ್ಟು ತಂದು ಪಕ್ಕಕ್ಕೆ ಸಿಕ್ಕಿಸಿಕೊಳ್ಳಬೇಕು. ಅಂದರೆ ಡಿಸ್ಕ್ ಪೂರ್ತಿ ಸಾಯಲಿಕ್ಕಿಲ್ಲ, ಮಿಕ್ಸಿಯ ಮೂರನೇ ಜಾರಿನ ಹಾಗೆ ಬೇಕಾದಾಗ ಹೊರಗೆ ತೆಗೆಯುವ ಸಾಮಾನಾದೀತು. ನೋಡಿ, ‘ಸಾಯಲಿಕ್ಕಿಲ್ಲ’, ‘ಆದೀತು’ ಎರಡೂ ಜೊತೆಯಾಗಿ ಬಂದರೆ ಹೆದರಿಸಿದ ಹಾಗೆ ಕೇಳಿಸುವುದಿಲ್ಲ. ನನ್ನ ಕಿವಿಗೆ ಮಾತ್ರ ಹಾಗೋ, ನಿಮಗೂ ಹಾಗೋ?

ಇಡೀ ಲೇಖನದ ಬಗೆಗೆ ಒಂದು ನಾಮಪದವೂ ಬೇಕಿತ್ತು. ‘ಭವಿಷ್ಯ’ ಅಂದರೆ ರಾಶಿ ಕೇಳುತ್ತಾರೆ. ‘ಮುನ್ಸೂಚನೆ’ ಹವಾಮಾನ ಇಲಾಖೆಯವರ ಪಾಲಾಗಿದೆ. ‘ಕಣಿ’ ಚೆನ್ನಾಗಿದೆ, ಆದರೆ ಕೈ ಹಿಡಿದು ಹೇಳಬೇಕು. ಒಂದು ಗಳಿಗೆ ‘ಕಾರಣಿಕ’ ಅಂತಲೂ ಯೋಚಿಸಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅಂತಾರೆ, ಅಷ್ಟು ಜನರೂ ಸುಮ್ಮನಾಗುತ್ತಾರೆ, ಒಂದೇ ಸಾಲು ಹೇಳುತ್ತಾರೆ. ಅದರ ಅರ್ಥ ಮಳೆಗೋ ಬೆಳೆಗೋ ರಾಜಕೀಯಕ್ಕೋ ಅಂತ ಜನ ವರ್ಷವಿಡೀ ಚರ್ಚೆ ಮಾಡುತ್ತಾರೆ. ಗೇಮ್ ಕಂಪನಿಗಳು ಹೊಸ ಯಂತ್ರದ ಬಗ್ಗೆ ಬಿಡುವ ಒಂದು ಸಾಲಿನ ಟೀಸರ್‌ಗೂ ಅಭಿಮಾನಿಗಳು ಮಾಡೋದು ಅದನ್ನೇ. ಆದರೂ ನಂಬಿಕೆಯ ಮಾತನ್ನು ಇಲ್ಲಿಗೆ ಎಳೆಯೋದು ಬೇಡ ಅನಿಸಿತು. ಸದ್ಯಕ್ಕೆ ‘ಅಂದಾಜು’ ಅಂತಿಟ್ಟಿದ್ದೇನೆ. ಗಾರೆ ಕೆಲಸದವರೂ ಹೇಳುತ್ತಾರೆ, ಅಡುಗೆಯವರೂ ಹೇಳುತ್ತಾರೆ. ತಪ್ಪಾದರೆ ಯಾರೂ ಬೈಯೋದಿಲ್ಲ.

ಈಗ ಬೆರಳಿನ ವಿಷಯ. ಇದೇ ದೊಡ್ಡದು.

ಅಕ್ಕನ ಮಗ ರಜಕ್ಕೆ ಬಂದಿದ್ದ. ಒಂಬತ್ತನೇ ಕ್ಲಾಸು. ಅವನ ಪಿಎಸ್5ನ ಕಂಟ್ರೋಲರ್ ನನ್ನ ಕೈಗಿಟ್ಟು, ‘ಚಿಕ್ಕಮ್ಮ, ಕಣ್ಣು ಮುಚ್ಕೊಂಡು ಈ ಕಡ್ಡೀನ ಮುಂದಕ್ಕೆ ತಳ್ತಾ ಇರು’ ಅಂದ. ಯಂತ್ರದ ಜೊತೆಗೇ ಬರುವ ಪುಟಾಣಿ ರೋಬೋನ ಆಟ. ಮೊದಲು ಅಂಗೈಯಲ್ಲಿ ಟಿಕ್ ಟಿಕ್ ಅಂತು. ‘ಗಟ್ಟಿ ನೆಲ’ ಅಂದೆ. ಆಮೇಲೆ ಸರಸರ. ‘ಮರಳು.’ ಆಮೇಲೆ ಎರಡೂ ಕೈಗೆ ಅಲ್ಲೊಂದು ಇಲ್ಲೊಂದು ಪಟ್, ಪಟಪಟ. ‘ಮಳೆ ಕಣೋ!’ ಕಣ್ಣು ಬಿಟ್ಟು ನೋಡಿದರೆ ನಿಜವಾಗಿಯೂ ಮಳೆ ಸುರಿಯುತ್ತಿತ್ತು. ಕೊನೆಗೆ ಬಲಗಡೆ ತೋರುಬೆರಳಿನ ಗುಂಡಿ ಒತ್ತು ಅಂದ. ಸಲೀಸಾಗಿ ಒಳಗೆ ಹೋಗುತ್ತಿದ್ದದ್ದು ಅರ್ಧಕ್ಕೆ ಬಂದು ಬಿಗಿಯಾಯಿತು. ಒಳಗಿಂದ ಯಾರೋ ಬೆರಳಿಟ್ಟು ವಾಪಸ್ ತಳ್ಳಿದ ಹಾಗೆ. ಬೆಚ್ಚಿ ಕೈಬಿಟ್ಟೆ. ಅವನಿಗೆ ನಗು.

ಒಳಗಿನ ಕಥೆ ಹೀಗಿದೆ. ಕಂಟ್ರೋಲರ್ ಅದುರುವುದು ಹೊಸದೇನಲ್ಲ. 1997ರಲ್ಲಿ ನಿಂಟೆಂಡೋ 64ರ ಕಂಟ್ರೋಲರಿಗೆ ಕೆಳಗಿನಿಂದ ಸಿಕ್ಕಿಸುವ ರಂಬಲ್ ಪ್ಯಾಕ್ ಬಂತು, ಸಣ್ಣ ಸೆಲ್ ಹಾಕಬೇಕಿತ್ತು. ಅದೇ ವರ್ಷ ಸೋನಿಯವರ ಡ್ಯುವಲ್‌ಶಾಕ್ ಬಂತು. ಇವುಗಳಲ್ಲಿ ಇದ್ದದ್ದು ಒಂದು ಬದಿಗೆ ಭಾರ ಕಟ್ಟಿದ ಮೋಟರ್. ತಿರುಗಿದರೆ ಇಡೀ ಡಬ್ಬಿ ಗಡಗಡ ನಡುಗುತ್ತದೆ, ಬೇರೇನೂ ಬರೋದಿಲ್ಲ ಅದಕ್ಕೆ. ನಾನು ಹಿಡಿದ ಪಿಎಸ್5ನ ಕಂಟ್ರೋಲರ್, ಅಂದರೆ 2020ರ ಡ್ಯುವಲ್‌ಸೆನ್ಸ್‌ನಲ್ಲಿ ಇರೋದು ಸ್ಪೀಕರಿನ ಒಳಗಿರುವಂಥ ತಂತಿ ಸುರುಳಿ ಮತ್ತು ಅಯಸ್ಕಾಂತ. ಸ್ಪೀಕರ್ ಕಿವಿಗೆ ಮಾಡೋದನ್ನು ಇದು ಅಂಗೈಗೆ ಮಾಡುತ್ತದೆ, ಅದಕ್ಕೇ ಮರಳು ಬೇರೆ, ಮಳೆ ಬೇರೆ. ಗುಂಡಿ ಬಿಗಿಯಾಗೋದಕ್ಕೆ ಬೇರೆಯೇ ಪುಟ್ಟ ಮೋಟರ್ ಇದೆ. ಅದು ಹಲ್ಲಿನ ಚಕ್ರ ತಿರುಗಿಸಿ ಗುಂಡಿಗೆ ಅಡ್ಡ ಒತ್ತುತ್ತದೆ.

ಇವೆರಡನ್ನು ಕನ್ನಡದಲ್ಲಿ ಏನನ್ನೋಣ? ಇಂಗ್ಲಿಷಿನಲ್ಲಿ ಮೊದಲನೆಯದು ಹ್ಯಾಪ್ಟಿಕ್ ಫೀಡ್‌ಬ್ಯಾಕ್. ಗ್ರೀಕಿನ ಮುಟ್ಟುವುದು ಅನ್ನುವ ಮಾತಿನಿಂದ ಬಂದದ್ದು. ನಾನು ಮೊದಲು ಬರೆದದ್ದು ‘ಸ್ಪರ್ಶ ಪ್ರತಿಸ್ಪಂದನೆ’. ಹುಡುಗನಿಗೆ ಓದಿ ಹೇಳಿದೆ. ‘ಅದು ಆಯುರ್ವೇದಾನಾ?’ ಅಂದ. ಹೊಡೆದು ಹಾಕಿದೆ.

ಅಚ್ಚಗನ್ನಡದ ಮುಟ್ಟು ಇದೆಯಲ್ಲ ಅಂದುಕೊಂಡೆ. ಆದರೆ ಅದು ನಾಮಪದವಾದ ಕೂಡಲೇ ಅರ್ಥವೇ ಬೇರೆ, ಮಕ್ಕಳ ಪತ್ರಿಕೆಯಲ್ಲಿ ‘ಮುಟ್ಟಿನ ತಂತ್ರ’ ಅಂತ ಬರೆಯೋಕೆ ಆಗುತ್ತಾ? ಸೋಕು ಎಷ್ಟು ಹಗುರ ಪದ. ಗಾಳಿ ಸೋಕಿತು, ಸೆರಗು ಸೋಕಿತು. ಅದರ ನಾಮಪದ ಸೋಂಕು, 2020ರಿಂದೀಚೆಗೆ ಅದನ್ನು ಮಾಸ್ಕ್ ಇಲ್ಲದೆ ಓದೋ ಹಾಗಿಲ್ಲ. ಉಳಿದದ್ದು ತಾಕು. ನನ್ನ ಲೆಕ್ಕಕ್ಕೆ ಇದೇ ಸರಿಯಾದ ಪದ. ಯಾಕೆಂದರೆ ಮುಟ್ಟುವುದು ನಾವು, ತಾಕುವುದು ಅದು. ಕಾಲಿಗೆ ಕಲ್ಲು ತಾಕಿತು, ಕೈಗೆ ಬಿಸಿ ತಾಕಿತು. ಇಲ್ಲಿ ಯಂತ್ರವೇ ಬಂದು ನಮ್ಮ ಕೈಗೆ ತಾಕುತ್ತದೆ. ಇಂಗ್ಲಿಷಿನ ಪದಕ್ಕಿಂತ ನಮ್ಮದೇ ಒಂದು ಹೆಜ್ಜೆ ಮುಂದೆ. ತೊಂದರೆ ಅಂದರೆ ಕೃಷಿ ಇಲಾಖೆಯವರಿಗೆ ತಾಕು ಅಂದರೆ ಬೆಳೆ ಹಾಕಿದ ತುಂಡು ಜಮೀನು. ‘ಕೈತಾಕು’ ಅಂದರೆ ಹೇಗೆ? ಹಿತ್ತಲಿನ ಕೈತೋಟದ ಹಾಗೆ ಕೇಳಿಸುತ್ತಾ?

ಬಿಗಿಯಾಗುವ ಗುಂಡಿಗೆ ‘ಎದುರೊತ್ತು’ ಅಂತ ಕಟ್ಟಿದ್ದೇನೆ. ಎದುರುತ್ತರ, ಎದುರುವಾದ ಇದ್ದ ಹಾಗೆ. ನೀವು ಒತ್ತಿದರೆ ಅದು ಎದುರು ಒತ್ತುತ್ತದೆ. ‘ಒತ್ತಕ್ಷರಾನಾ?’ ಅಂತ ಕೇಳಿದ ನಮ್ಮ ಹುಡುಗ. ಹೋಗಲಿ ಬಿಡಿ, ಅವನಿಗೆ ಕನ್ನಡದಲ್ಲಿ ನೆನಪಿರೋದು ಅದೊಂದೇ.

ಇಷ್ಟು ಒದ್ದಾಡುವುದಕ್ಕೆ ಕಾರಣ ಇದೆ. ಒಳಗಿನ ಭಾಗದ ಹೆಸರಿಟ್ಟರೆ ಭಾಗ ಬದಲಾದಾಗ ಪದ ಸುಳ್ಳಾಗುತ್ತದೆ. ಭಾರದ ಮೋಟರ್ ಹೋಗಿ ಸುರುಳಿ ಬಂತು, ನಾಳೆ ಸುರುಳಿ ಹೋಗಿ ಇನ್ನೇನೋ ಬಂದೀತು. ಅಂಗೈಗೆ ಆಗುವ ಅನುಭವದ ಹೆಸರಿಟ್ಟರೆ ಅದು ಉಳಿಯುತ್ತದೆ. ಇಡೋದಕ್ಕೆ ಏನೂ ಇಲ್ಲದಿದ್ದರೂ ನಾವಿನ್ನೂ ‘ಫೋನ್ ಇಡ್ತೀನಿ’ ಅಂತೀವಿ. ನಮ್ಮ ಕಾಲದ ಟಿವಿ ಗೇಮಿನ ಹಳದಿ ಡಬ್ಬಿ ಟೇಪ್ ಅಲ್ಲದಿದ್ದರೂ ಕ್ಯಾಸೆಟ್ಟೇ ಆಗಿತ್ತು, ಓಡದಿದ್ದರೆ ತೆಗೆದು ಊದಿ ಹಾಕುತ್ತಿದ್ದೆವು.

ಕಡ್ಡಿಯ ಕಾಯಿಲೆಗೆ ಮಾತ್ರ ಪದ ತಾನಾಗಿಯೇ ಸಿಕ್ಕಿತು. ಹುಡುಗನ ಹಳೆಯ ಕಂಟ್ರೋಲರಿನಲ್ಲಿ ಕೈ ಬಿಟ್ಟರೂ ಆಟಗಾರ ಎಡಕ್ಕೆ ನಡೆಯುತ್ತಿದ್ದ. ಇಂಗ್ಲಿಷಿನಲ್ಲಿ ಡ್ರಿಫ್ಟ್. ತೇಲುವಿಕೆ, ಜಾರುವಿಕೆ ಅಂತೆಲ್ಲ ಬರೆದು ನೋಡಿದ್ದೆ. ರಿಪೇರಿ ಅಂಗಡಿಯವನು ಒಮ್ಮೆ ಅಲ್ಲಾಡಿಸಿ, ‘ಎಡಕ್ಕೆ ಎಳೀತಿದೆ ಮೇಡಂ’ ಅಂದ. ಅಲೈನ್‌ಮೆಂಟ್ ಹೋದ ಬೈಕಿಗೆ ಹೇಳೋ ಮಾತು! ‘ಎಳೆತ’ ಅಂತ ಅಲ್ಲೇ ಬರೆದುಕೊಂಡೆ. (ದುಡ್ಡು ತಗೊಂಡು ಒಂದು ವಾರಕ್ಕೆ ಮತ್ತೆ ಎಳೆಯುವ ಹಾಗೆ ರಿಪೇರಿ ಮಾಡಿಕೊಟ್ಟ, ಅದು ಬೇರೆ ಮಾತು.) ಕಡ್ಡಿಯ ಬುಡದಲ್ಲಿರುವ ಕಾರ್ಬನ್ ಪಟ್ಟಿ ಉಜ್ಜಿ ಉಜ್ಜಿ ಸವೆಯೋದೇ ಇದಕ್ಕೆ ದೊಡ್ಡ ಕಾರಣ. ಉಜ್ಜದೇ ಅಯಸ್ಕಾಂತದಿಂದ ಕಡ್ಡಿಯ ಜಾಗ ತಿಳಿಯುವ ಹಾಲ್ ಸೆನ್ಸರ್ ಹೊಸದಲ್ಲ. ಎಡ್ವಿನ್ ಹಾಲ್ ಅದರ ತತ್ವ ಕಂಡುಕೊಂಡದ್ದು 1879ರಲ್ಲಿ. 1998ರ ಸೆಗಾ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲೇ ಇತ್ತು. ಈಗ ಬೇರೆ ಕಂಪನಿಗಳ ಕಂಟ್ರೋಲರ್‌ಗಳಲ್ಲಿ ಮತ್ತೆ ಬಂದಿದೆ.

ನಿಂಟೆಂಡೋದ ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್ ಹಿಂದಿನ ತಲೆ ಗುನ್‌ಪೇ ಯೊಕೋಯಿ ಇಂಥದ್ದಕ್ಕೇ ಒಂದು ಮಾತು ಹೇಳುತ್ತಿದ್ದರು. ಬಾಡಿದ ತಂತ್ರವನ್ನು ಹೊಸ ಕಡೆಗೆ ತಿರುಗಿಸಿ ಯೋಚಿಸಬೇಕು ಅಂತ. ಅವರ ಜಪಾನಿ ಪದ ‘ಕರೆತ’ಕ್ಕೆ ಬಾಡಿದ, ಒಣಗಿದ ಅನ್ನೋ ಅರ್ಥದ ಜೊತೆ ಚೆನ್ನಾಗಿ ಮಾಗಿದ ಅನ್ನೋದೂ ಇದೆ. ಇಂಗ್ಲಿಷಿನವರು ಹೆಚ್ಚಾಗಿ ಬಾಡಿದ್ದನ್ನೇ ಹಿಡಿದರು. ನಮ್ಮ ಬಡಗಿಗಳು ಕೆತ್ತೋ ಮೊದಲು ‘ಮರ ಒಣಗಿದೆಯಾ?’ ಅಂತ ಕೇಳೋದೂ ಈ ಅರ್ಥದಲ್ಲೇ. ನಾನು ‘ಹದವಾಗಿ ಒಣಗಿದ ತಂತ್ರ’ ಅಂತ ಬರೆದಿದ್ದೇನೆ. ಯಾರಾದರೂ ‘ಪಳಗಿದ’ ಚೆನ್ನ ಅಂದರೆ ಜಗಳವಾಡೋದಿಲ್ಲ.

ನನ್ನ ಅಂದಾಜುಗಳೂ ಈ ಒಣಗಿದ ಮರದವೇ. ಅಯಸ್ಕಾಂತದ ಕಡ್ಡಿ ಎಲ್ಲ ಕನ್ಸೋಲ್‌ಗಳ ಜೊತೆಗೂ ಬಂದೀತು. ಕೈಯಲ್ಲಿ ಹಿಡಿದು ಬಳಸುವಂಥವುಗಳ ಬ್ಯಾಟರಿಯನ್ನು ಕೊಂಡವರೇ ಬದಲಾಯಿಸುವ ಹಾಗಿರಬೇಕು ಅನ್ನುವ ಯುರೋಪಿನ ನಿಯಮ 2027ರ ಫೆಬ್ರವರಿ 18ರಿಂದ ಶುರು, ಹಾಗಾಗಿ ಕಂಟ್ರೋಲರಿನ ಬೆನ್ನಿಗೆ ಮತ್ತೆ ಮುಚ್ಚಳ ಬಂದೀತು. ಕೈ ಸರಿಯಾಗಿ ಆಡದವರಿಗಾಗಿ 2018ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್, 2023ರಲ್ಲಿ ಸೋನಿಯ ಆಕ್ಸೆಸ್ ಬಂದವು. ಗುಂಡಿಗಳನ್ನು ಬೇಕಾದ ಕಡೆ ಜೋಡಿಸಿಕೊಳ್ಳುವ ಆ ಪದ್ಧತಿ ಎಲ್ಲರ ಕಂಟ್ರೋಲರಿಗೂ ಹರಡೀತು. ಮುಖಕ್ಕೆ ಕಟ್ಟಿಕೊಳ್ಳುವ ಕನ್ನಡಕ ಕಂಟ್ರೋಲರನ್ನು ಓಡಿಸಲಿಕ್ಕಿಲ್ಲ.

ಆಕ್ಸೆಸರಿ ಅನ್ನೋದನ್ನು ಹಾಗೇ ಬಿಟ್ಟಿದ್ದೇನೆ. ಬಿಡಿಭಾಗ ಅಂದರೆ ಕೆಟ್ಟಾಗ ಹಾಕುವ ಸ್ಪೇರ್ ಪಾರ್ಟು, ಪರಿಕರ ಅಂದರೆ ಪೂಜೆ ಸಾಮಾನು. ಊಟಕ್ಕೆ ನಂಚಿಕೊಳ್ಳೋಕೆ ಇದ್ದ ಹಾಗೆ ಇದಕ್ಕೂ ಒಂದು ಪದ ಇರಬೇಕಿತ್ತು.

ಈಗ ಕೇಳಬೇಕಾದ್ದು. ‘ಬಂದೀತು’ ನಿಮ್ಮ ಕಡೆ ಮಕ್ಕಳ ಬಾಯಲ್ಲಿ ಇನ್ನೂ ಇದೆಯಾ? ಇದ್ದರೆ ಎಚ್ಚರಿಕೆಗೆ ಮಾತ್ರವಾ, ಆಸೆಗೂ ಉಂಟಾ? ಎರಡನೆಯದು ಕೈಮಗ್ಗ, ಕುಂಬಾರಿಕೆ, ಮೀನುಗಾರಿಕೆ ಬಲ್ಲವರಿಗೆ. ಮಗ್ಗದ ಕಾಲುಮಣೆ ತುಳಿದಾಗ ಅದು ವಾಪಸ್ ಕಾಲನ್ನು ತಳ್ಳುತ್ತದಲ್ಲ, ಗಾಳಕ್ಕೆ ಮೀನು ಸಿಕ್ಕಾಗ ದಾರ ಬೆರಳಿಗೆ ಜಗ್ಗುತ್ತದಲ್ಲ, ಅದಕ್ಕೆ ನಿಮ್ಮಲ್ಲಿ ಏನಂತಾರೆ? ‘ಎದುರೊತ್ತು’ಗಿಂತ ಒಳ್ಳೆಯ ಪದ ಅಲ್ಲೆಲ್ಲೋ ಇದೆ ಅಂತ ನನಗೆ ಗುಮಾನಿ. ಬರುವ ಶುಕ್ರವಾರ ಲೇಖನ ಕೊಡಬೇಕು, ಅದಕ್ಕೆ ಮೊದಲು ಯಾರಾದರೂ ಬರೆದರೆ ಉಪಕಾರವಾದೀತು.